ತೊಟ್ಟಿಯೊಳಗಿನ ಕಲ್ಲುಗಳು

"ಕೈ ತೆಗೀರಿ ಅಲ್ಲಿಂದ!"

ಅಷ್ಟು ಜೋರಾಗಿ ಕೂಗಿದ್ದು ತಾನೇನಾ ಎಂದು ಅವಳಿಗೇ ಅಚ್ಚರಿ. ಮೇವಿನ ಬಯಲಿನ ನಡುವೆ, ದನಗಳು ನೀರು ಕುಡಿಯುವ ಸಿಮೆಂಟ್ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ನಿಂತಿದ್ದವನು ತಿರುಗಿ ನೋಡಿದ. ಹದಿನೈದು ದಿನದ ಹಿಂದೆ ಅಪ್ಪ ಕೆಲಸಕ್ಕೆ ಇಟ್ಟುಕೊಂಡಿದ್ದ ಪೈಪ್ ರಿಪೇರಿಯವನು.

"ಕಲ್ಲು... ಇಡ್ತಿದ್ದೆ," ಎಂದ. ಕಿವಿ ಕೆಂಪಾಗಿತ್ತು.

"ಯಾಕೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಬಾಯಾರಿದ ದನಗಳು ನುಗ್ಗಿ ಬಂದವು. ಮಾತು ಅಲ್ಲಿಗೇ ನಿಂತಿತು.

ಅವಳ ತಲೆಯಲ್ಲಿ ಮಾತ್ರ ಅದೊಂದೇ ಮಾತು. ಕಲ್ಲು! ಹಿಂದಿನ ಕೆಲಸದವನೂ ಇದನ್ನೇ ಮಾಡಿದ್ದ. ಪಕ್ಕದ ಜಮೀನಿಗೆ ಕದ್ದು ನೀರು ಬಿಟ್ಟು, ತೊಟ್ಟಿ ತುಂಬಿದಂತೆ ಕಾಣಲೆಂದು ತಳದಲ್ಲಿ ಕಲ್ಲು ತುಂಬಿದ್ದ. ಆ ಬೇಸಿಗೆ ನೀರಿಲ್ಲದೆ ಅರ್ಧ ದನ ಮಾರಬೇಕಾಯಿತು. ಅವಳು ಕೈಯಾರೆ ಹಾಲು ಕುಡಿಸಿ ಬೆಳೆಸಿದ ಕರುವೂ ಹೋಯಿತು.

ಇವನೂ ಅಂಥವನೇನಾ? ಇಷ್ಟು ಮೆತ್ತಗೆ ಮಾತಾಡುವವನು...?

ಆ ಸಂಜೆ ಒಬ್ಬಳೇ ಹೋಗಿ ಕಲ್ಲುಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟಳು. ಬೆಳಗಾದರೆ ಮತ್ತೆ ಒಳಗೆ! ಮತ್ತೆ ತೆಗೆದಳು. ಮತ್ತೆ ಇಟ್ಟ. ನಾಲ್ಕು ದಿನ ಹೀಗೇ. ದಾರಿಯಲ್ಲಿ ಎದುರಾದರೂ ಇಬ್ಬರೂ ಆ ಮಾತೆತ್ತಲಿಲ್ಲ.

ನೀರು ಕದಿಯುತ್ತಿದ್ದಾನಾ ಎಂದು, ತೊಟ್ಟಿಗೆ ನೀರು ಬರುವ ಮೇಲಿನ ಟ್ಯಾಂಕಿಗೆ ಕೋಲು ಇಳಿಸಿ ಅಳೆದಳು. ದನಗಳು ಕುಡಿದದ್ದಕ್ಕಿಂತ ಒಂದು ಬೆರಳೂ ಹೆಚ್ಚು ಇಳಿದಿರಲಿಲ್ಲ. ಸಮಾಧಾನವಾಗುವ ಬದಲು ಅವಳ ಅನುಮಾನ ಇನ್ನೂ ಬಲಿಯಿತು.

'ಮೊದಲು ನಂಬಿಸ್ತಾನೆ... ಆಮೇಲೆ ಕೈ ಕೊಡ್ತಾನೆ.'

ಕೊನೆಗೆ ಅಪ್ಪನಿಗೆ ಹೇಳಿಯೇ ಬಿಟ್ಟಳು.

ಮಂಡಿನೋವಿನ ಅಪ್ಪ ಕುರ್ಚಿಯಿಂದಲೇ ಗುಡುಗಿದ. "ಬೆಳಿಗ್ಗೆ ನಾನೇ ಬರ್ತೀನಿ. ಗಂಟುಮೂಟೆ ಕಟ್ಟಿಸ್ತೀನಿ ಅವನದು!"

ಗೆದ್ದೆ ಅಂದುಕೊಂಡಳು. ಆದರೆ ಖುಷಿಯಾಗಲಿಲ್ಲ... ಯಾಕೆ?

ಬೆಳಿಗ್ಗೆ ಅಪ್ಪನಿಗಿಂತ ಮೊದಲೇ ಓಡಿದಳು. ಅವನು ತೊಟ್ಟಿಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಅಂಗೈಯಲ್ಲಿ ಒಂದು ಪುಟ್ಟ ಹಕ್ಕಿ. ಪೂರ್ತಿ ಒದ್ದೆ. ಅಲುಗಾಟವಿಲ್ಲ.

"ನೀರು ಕುಡಿಯೋಕೆ ಬಂದು ಜಾರಿ ಬೀಳ್ತವೆ," ಎಂದ ಮೆಲ್ಲಗೆ. "ಗೋಡೆ ನುಣ್ಣಗಿದೆ, ಹತ್ತೋಕಾಗಲ್ಲ. ಕಲ್ಲಿದ್ರೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬರ್ತವೆ."

ಹಿಂದಿನ ಸಂಜೆ ತಾನೇ ತೆಗೆದು ಪಕ್ಕಕ್ಕಿಟ್ಟಿದ್ದ ಕಲ್ಲುಗಳ ಕಡೆ ಅವಳು ತಿರುಗಿ ನೋಡಿದಳು.

"ಮೊದಲೇ ಯಾಕೆ ಹೇಳಲಿಲ್ಲ? ತೆಗೀತಿದ್ದದ್ದು ನಾನೇ ಅಂತ..."

"ಗೊತ್ತಿತ್ತು. ತೆಗೆದ ಕಲ್ಲನ್ನೂ ದೊಡ್ಡದು, ಚಿಕ್ಕದು ಅಂತ ಸಾಲಾಗಿ ಜೋಡಿಸಿಡೋರು ಇಲ್ಲಿ ಬೇರೆ ಯಾರಿದ್ದಾರೆ?"

ನಗಲು ಹೋದ, ಆಗಲಿಲ್ಲ.

"ಹೇಳಬೇಕಿತ್ತು. ಆದ್ರೆ... ಬೆಳಿಗ್ಗೆ ಆ ಸಾಲು ನೋಡಿದ್ರೆ, ನೀವು ಬಂದು ಹೋಗಿದ್ದೀರಿ ಅಂತ ಖುಷಿಯಾಗ್ತಿತ್ತು. ಹೇಳಿಬಿಟ್ರೆ ಬರೋದು ನಿಲ್ಲಿಸ್ತೀರಲ್ಲ? ಆ ಆಸೆಗೆ ಬಾಯಿ ಮುಚ್ಕೊಂಡಿದ್ದೆ. ಇದು ಸತ್ತದ್ದರಲ್ಲಿ ನನ್ನ ಪಾಲೂ ಇದೆ."

ಹಿಂದೆ ಊರುಗೋಲಿನ ಸದ್ದು. ಅಪ್ಪ!

"ಏನಯ್ಯಾ, ನಡಿ ಇಲ್ಲಿಂದ!"

ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ಸೇರುವ ಹುಡುಗಿ, ಇಬ್ಬರ ನಡುವೆ ಬಂದು ನಿಂತಳು.

"ಕಳಿಸಬೇಡಪ್ಪಾ! ತಪ್ಪು ನಂದು."

ತಡವರಿಸುತ್ತಲೇ ಎಲ್ಲ ಹೇಳಿದಳು. ಅಪ್ಪ ಹಕ್ಕಿಯನ್ನು ನೋಡಿದ, ಕಲ್ಲಿನ ಸಾಲು ನೋಡಿದ, ಮಗಳ ಮುಖ ನೋಡಿದ.

"ಈ ಮಂಡಿ ಇಟ್ಕೊಂಡು ನನ್ನನ್ನ ಇಷ್ಟು ದೂರ ನಡೆಸಿದ್ದು ಇದಕ್ಕಾ?" ಎಂದು ಗೊಣಗಿದ. "ಇನ್ನೂ ಮೂರು ತೊಟ್ಟಿ ಇದಾವೆ. ಸಂಜೆಯೊಳಗೆ ಅವಕ್ಕೂ ಕಲ್ಲು ಹಾಕಿ. ಇಬ್ಬರೂ!"

ಹಕ್ಕಿಯನ್ನು ಬೇಲಿಯ ಬುಡದಲ್ಲಿ ಮಣ್ಣು ಮಾಡಿದರು. ಆಮೇಲೆ ಅವಳು ಸಾಲಿನಿಂದ ದೊಡ್ಡ ಕಲ್ಲೊಂದನ್ನು ಎತ್ತಿ ಕೊಟ್ಟಳು. ಇಬ್ಬರೂ ಸೇರಿ ಅದನ್ನು ತಳಕ್ಕಿಳಿಸಿದರು. ತಣ್ಣೀರಿನಲ್ಲಿ ಬೆರಳಿಗೆ ಬೆರಳು ತಾಗಿತು. ಯಾರೂ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಇನ್ಮೇಲೆ ಸಂಜೆ ಹೊತ್ತು ಬರಲ್ವಾ?"

"ಬರ್ತೀನಿ."

"ಕಲ್ಲು ತೆಗೆಯೋಕಾ?"

"ಅಲ್ಲ..." ಅವಳು ನೀರನ್ನೇ ನೋಡುತ್ತ ಅಂದಳು. "ಇಟ್ಟೋರನ್ನ ನೋಡೋಕೆ."