ಮೂರು ಬಿಂದು ಹತ್ತು

ಕುರಿಗಾರ ಭರಮು ರಾವಸಾಹೇಬರ ಮನೆಗೆ ಬಂದಾಗ ಅಂಗಳದಲ್ಲಿ ಮೋಟರ್‌ಸೈಕಲ್ ಒರೆಸುತ್ತಿದ್ದವನು ಉತ್ತಮ. ಭೂಮಾಪಕರಾಗಿದ್ದ ಸಾಹೇಬರ ಅಳತೆ ಸರಪಳಿಯನ್ನು ಇಪ್ಪತ್ತು ವರ್ಷ ಹಿಡಿದವನು ಅವನು. ನಿವೃತ್ತರಾದ ಮೇಲೆ ಸಾಹೇಬರು ಹೊಲ ಬಿಟ್ಟು ಜನರ ಗುಟ್ಟು ಅಳೆಯತೊಡಗಿದರು. ಉತ್ತಮ ಆಗಲೂ ಅವರ ಬೆನ್ನು ಬಿಡಲಿಲ್ಲ.

"ಸಾಹೇಬ್ರ, ನನ್ನ ಮಗಾ ಮಾಳೇಶನ್ನ ಎಲ್ಲಾರ ಮುಂದ ಕಳ್ಳ ಅಂದಾರ್ರಿ," ಎಂದ ಭರಮು. "ಗಣಿತದ ಪರೀಕ್ಷಾದಾಗ ಕಾಪಿ ಹೊಡದಾನಂತ. ಹಂಗಿದ್ರ ಸಾಲಿ ಸಾಕು, ನಾಳಿಂದ ಕುರಿ ಹಿಂದ ಬರ್ಲಿ. ಆದ್ರ ಖರೆ ಏನು ನನಗ ಗೊತ್ತಾಗಬೇಕ್ರಿ."

ಹುಡುಗ ಹೈಸ್ಕೂಲಿಗೆ, ಎಂಟನೆಯ ತರಗತಿಗೆ, ಸೇರಿ ತಿಂಗಳೂ ತುಂಬಿರಲಿಲ್ಲ. ಉತ್ತಮ ಒರೆಸುವ ಬಟ್ಟೆ ಬಿಸುಟ; ಮೂವರೂ ಶಾಲೆಗೆ ಹೊರಟರು.

ಶಾಲೆಯಲ್ಲಿ ಗಣಿತದ ಕೋಮಲ ಟೀಚರ್ ಎರಡು ಉತ್ತರ ಪತ್ರಿಕೆ ಮುಂದಿಟ್ಟರು. ಒಂದು ಮಾಳೇಶನದು, ಇನ್ನೊಂದು ಅದೇ ಬೆಂಚಿನ ವಿಶಾಲನದು. 1.25ಕ್ಕೆ 1.25 ಕೂಡಿಸಿದರೆ 3.10 ಎಂದು ಇಬ್ಬರೂ ಬರೆದಿದ್ದರು.

"ಇಬ್ಬರಿಗೂ ಇದೇ ತಪ್ಪು ಹೆಂಗ ಬರ್ತೈತ್ರಿ? ವಿಶಾಲ ಟ್ಯೂಶನ್‌ಗೆ ಹೋಗೋ ಹುಡುಗ. ನೋಡಿ ಬರದವ ಮಾಳೇಶನ."

ವಿಶಾಲ ದ್ರಾಕ್ಷಿ ತೋಟದವರ ಮಗ, ಅಕ್ಷರ ಮುತ್ತಿನಂಥವು. ಉತ್ತಮನಿಗೂ ಹಾಗೆಯೇ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಸಾಹೇಬರು ವಿಶಾಲನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉತ್ತರದ ಜಾಗದಲ್ಲಿ ರಬ್ಬರ್ ಉಜ್ಜಿದ ಕಲೆಯಿತ್ತು.

"ಭರಮು, ಈಗ ಕುರಿ ಎಲ್ಲಿ ನಿಲ್ಲಿಸೀಯೋ?"

"ಭೀಮಸಿಯವರ ಹೊಲದಾಗ್ರಿ, ಗೊಬ್ಬರಕ್ಕ. ಎಷ್ಟು ಜಾಗಾ ಆತು ಅಂತ ಮಾಳೇಶನ ಲೆಕ್ಕದ ವಹಿಯೊಳಗ ಬರದಿಡ್ತಾನ."

ಸಾಹೇಬರು ಆ ವಹಿ ತರಿಸಿಕೊಂಡು ಓದಿದರು. ಆಮೇಲೆ ಎಲ್ಲರನ್ನೂ ಹೆಡ್‌ಮಾಸ್ತರರ ಕೋಣೆಗೆ ಕರೆಸಿ, ಹುಡುಗರಿಬ್ಬರನ್ನು ದೂರ ದೂರ ಕೂರಿಸಿ ಒಂದೇ ಲೆಕ್ಕದ ಚೀಟಿ ಕೊಟ್ಟರು: 0.35ಕ್ಕೆ 0.15 ಕೂಡಿಸಿ. ವಿಶಾಲ 0.50 ಎಂದು ಬರೆದ. ಮಾಳೇಶ 1.10 ಎಂದು ಬರೆದ.

"ನೋಡ್ರಿ," ಎಂದರು ಸಾಹೇಬರು. "ಈ ವಹಿಯೊಳಗ ಒಂದು ಹೊಲ 0.30, ಇನ್ನೊಂದು 0.30, ಒಟ್ಟು 1.20 ಅಂತೈತಿ. ಬಿಂದು ಹಿಂದ ಎಕರೆ, ಬಿಂದು ಮುಂದ ಇವಂಗ ಗುಂಟೆ. ನಲವತ್ತು ಗುಂಟೆ ತುಂಬಿದ್ರ ಒಂದೆಕರೆ. ಆ ಲೆಕ್ಕದಾಗ 3.10 ಬರೋಬರಿ. ವಿಶಾಲಗ ಗುಂಟೆ ಲೆಕ್ಕಾನ ಗೊತ್ತಿಲ್ಲ, ಈ ತಪ್ಪು ಅವನ ತಲ್ಯಾಗ ಹುಟ್ಟಾಕ ಸಾಧ್ಯ ಇಲ್ಲ. ರಬ್ಬರ್ ಉಜ್ಜಿದ ಜಾಗಾದಾಗ ಮಸಕು ಮಸಕು 2.50 ಇನ್ನೂ ಕಾಣತೈತಿ. ಸರಿ ಉತ್ತರ ಅಳಿಸಿ ತಪ್ಪು ಬರದಾನ."

ವಿಶಾಲ ಬಿಕ್ಕಿ ಬಿಕ್ಕಿ ಅತ್ತ. "ಮಾಳೇಶ ಬಾಯಿಲೇನ ಪಟಾಪಟ ಲೆಕ್ಕಾ ಹೇಳ್ತಾನ್ರಿ. ನಂದ ತಪ್ಪಿರಬೇಕು ಅಂತ ಅವಂದು ನೋಡಿ ಬರದೆ. ಬೈದಾಗ ಹೇಳಾಕ ಅಂಜಿಕಿ ಬಂತ್ರಿ."

ಅವನ ಮೇಲೆ ಸಿಟ್ಟು ಮಾಡಲು ಉತ್ತಮನಿಗೆ ಮನಸ್ಸು ಬರಲಿಲ್ಲ. ಮಾಳೇಶನೇ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ.

"ಹಂಗಾದ್ರ ನನ್ನ ಉತ್ತರ, ಟೀಚರ?"

"ತಪ್ಪ ಐತಪಾ. ಸಾಲ್ಯಾಗ ಬಿಂದು ಮುಂದಿಂದು ನೂರರ ಲೆಕ್ಕ. ಅದಕ್ಕ ಸೊನ್ನಿನ."

"ಸೊನ್ನಿ ಇರ್ಲಿ ಬಿಡ್ರಿ. ಕಳ್ಳ ಅಂತೂ ಅಲ್ಲಲ್ರಿ?"

ಕೋಮಲ ಟೀಚರ ಕಣ್ಣು ತುಂಬಿದವು. "ಅಲ್ಲೋ. ತಪ್ಪು ನಂದು. ನಾಳಿ ಎಲ್ಲಾರ ಮುಂದ ನಾನ ಹೇಳ್ತೀನಿ."

ಬಾಗಿಲಲ್ಲಿ ನಿಂತಿದ್ದ ಭರಮು ರುಮಾಲಿನಿಂದ ಮುಖ ಒರೆಸಿಕೊಂಡ.

"ನಾಳಿ ಸಾಲಿ ಎಷ್ಟಕ್ಕ ತೆರೀತೈತ್ರಿ, ಅಕ್ಕೋರ?" ಎಂದು ಟೀಚರನ್ನು ಕೇಳಿದ.