ಕಂಚಿನ ಹುಲಿ ಕುಡಿದ ಕಬ್ಬಿನ ಹಾಲು

ದೇವರ ದಯೆಯಿಂದ ಭೂಮಿ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಇಕ್ಷುವತಿ ಎಂಬ ರಾಜ್ಯವಿತ್ತು. ಅಲ್ಲಿ ಕಾಳಿಂಗನೆಂಬ ಯುವಕ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ. ಆಲೆಮನೆಗೆ ಯಾರೇ ಬರಲಿ, ಮೊದಲು ಕಬ್ಬಿನ ಹಾಲು, ಆಮೇಲೆ ಹೆಸರು ಕೇಳುವುದು. ಅದು ಅಲ್ಲಿಯ ಪದ್ಧತಿ.

ಒಂದು ವರ್ಷ ನೆರೆಯ ದ್ವೀಪವನ್ನು ಕಡಲು ನುಂಗಿತು. ಬದುಕುಳಿದವರು ದೋಣಿಗಳಲ್ಲಿ ದಡ ಸೇರಿ ಇಕ್ಷುವತಿಯತ್ತ ನಡೆದು ಬಂದರು. ಇವರು ಕಣಜ ಬರಿದು ಮಾಡುತ್ತಾರೆಂದು ಮಾಂತ್ರಿಕ ಧೂಮಾಕ್ಷ ಅರಸನ ಕಿವಿಯಲ್ಲಿ ಊದಿದ. ಅರಸ ಹೆದರಿ, ಪರೀಕ್ಷೆಯಿಲ್ಲದೆ ಹೊರಗಿನವರನ್ನು ಒಳಗೆ ಬಿಡಬಾರದೆಂದು ಕಾನೂನು ಮಾಡಿದ. ಧೂಮಾಕ್ಷನ ಮಾಯೆಯಿಂದ ಹೆಬ್ಬಾಗಿಲಲ್ಲಿ ಮೂರು ತಲೆಯ ಕಂಚಿನ ಹುಲಿ ಬಂದು ನಿಂತಿತು. ಅದರ ಪ್ರಶ್ನೆಗೆ ಉತ್ತರಿಸಲಾಗದವರು ಕಲ್ಲಾದರು. ಏಳು ದಿನಕ್ಕೆ ಎಪ್ಪತ್ತು ಕಲ್ಲು.

ಕಾಳಿಂಗ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದ. ದೇವರನ್ನು ನೆನೆದು ಒಂದು ಬಿಂದಿಗೆ ಕಬ್ಬಿನ ಹಾಲು ಹೊತ್ತು ಹೊರಟ. ಹುಲಿಗೆ ಹಬ್ಬ ಮಾಡಲು ಹೊರಟೆಯಾ ಎಂದು ಕಾವಲಿನವರು ನಕ್ಕರು.

ಬಾಗಿಲಾಚೆ ಮುತ್ತವ್ವನೆಂಬಾಕೆ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

"ನಿನ್ನ ಊರು ಯಾವುದು?" ಎಂದಿತು ಮೊದಲ ತಲೆ.

ಊರೇ ಇಲ್ಲ, ಏನು ಹೇಳಿಯಾಳು? ಅವಳ ಪಾದಗಳು ಕಲ್ಲಾದವು. ಕಾಳಿಂಗ ಆಲೆಮನೆಯ ರೂಢಿಯಲ್ಲೇ, ಎದುರಿಗಿರುವುದು ಹುಲಿ ಎಂಬುದನ್ನೂ ಮರೆತು, ಅದರ ಬಾಯಿಗೆ ಹಾಲು ಸುರಿದ.

"ಮೊದಲು ಕುಡಿ, ಮಾವ. ಮಾತೇನು ಓಡಿಹೋಗುವುದಿಲ್ಲ."

ತಲೆ ಚಪ್ಪರಿಸಿ ಕುಡಿಯಿತು. ಉಂಡ ಮನೆಯ ಜಂತೆ ಎಣಿಸಲಾದೀತೇ? ನಾಚಿ ಸುಮ್ಮನಾಯಿತು.

"ನಿನಗೆ ಸಾಕ್ಷಿ ಯಾರು?" ಎಂದಿತು ಎರಡನೆಯ ತಲೆ. ಸಾಕ್ಷಿಗಳೆಲ್ಲ ಕಡಲ ತಳದಲ್ಲಿದ್ದರು. ಮುತ್ತವ್ವ ಸೊಂಟದವರೆಗೆ ಕಲ್ಲಾದಳು. ಕಾಳಿಂಗ ಆ ತಲೆಗೂ ಕುಡಿಸಿದ, ಕೂಸಿಗೂ ಕುಡಿಸಿದ. ಎರಡನೆಯ ತಲೆಯೂ ಸುಮ್ಮನಾಯಿತು.

"ಈ ನೆಲ ತುಳಿಯಲು ನಿನಗೇನು ಹಕ್ಕು?" ಎಂದಿತು ಮೂರನೆಯ ತಲೆ.

ಬಿಂದಿಗೆಯಲ್ಲಿ ಒಂದೇ ಗುಟುಕು ಉಳಿದಿತ್ತು. ಕಾಳಿಂಗ ಅದನ್ನು ಮುತ್ತವ್ವನ ಕೈಗಿತ್ತ. ಮೂರು ದಿನದಿಂದ ಅವಳ ತುಟಿ ಒದ್ದೆಯಾಗಿರಲಿಲ್ಲ. ಆದರೂ ಆ ಮಹಾತಾಯಿ ಅದನ್ನು ಹುಲಿಯ ಬಾಯಿಗೆ ಹಿಡಿದಳು.

"ನೀನೂ ಏಳು ದಿನದಿಂದ ಬಾಯಾರಿ ನಿಂತಿದ್ದೀಯ, ತಮ್ಮಾ. ಬಾಯಾರಿದ ಜೀವಕ್ಕೆ ನೀರಿನ ಹಕ್ಕುಂಟು. ನನ್ನದೂ ಅಷ್ಟೇ."

ಮೂರನೆಯ ತಲೆ ಕುಡಿದು ಅತ್ತಿತು. ಕಣ್ಣೀರು ತಾಕಿದ ಕಲ್ಲುಗಳೆಲ್ಲ ಮನುಷ್ಯರಾಗಿ ಎದ್ದವು. ಮುತ್ತವ್ವನ ಕಾಲಿಗೆ ಜೀವ ಬಂತು. ಹುಲಿ ಕರಗಿ ದೊಡ್ಡ ಕಂಚಿನ ಕೊಪ್ಪರಿಗೆಯಾಯಿತು.

ಅರಸ ಬರಿಗಾಲಲ್ಲಿ ಬಂದು ತಪ್ಪೊಪ್ಪಿಕೊಂಡ. ಕಾನೂನು ಬದಲಾಯಿಸಿದ, ದ್ವೀಪದವರಿಗೆ ಹೊಲ ಕೊಟ್ಟ, ಮುತ್ತವ್ವನಿಗೆ ಸಭೆಯಲ್ಲಿ ಪೀಠ ಹಾಕಿಸಿದ. ಆ ವರ್ಷದ ಬೆಳೆ ಎಲ್ಲರ ಕಣಜ ತುಂಬಿ ಮಿಕ್ಕಿತು. ಹಳಬರು ಹೊಸಬರು ಒಂದೇ ಪಂಕ್ತಿಯಲ್ಲಿ ಉಂಡು ನೂರ್ಕಾಲ ಬಾಳಿದರು.

ಮಾಯೆ ಕಳೆದುಕೊಂಡ ಧೂಮಾಕ್ಷ ಮಾತ್ರ ಗಡಿ ದಾಟಿ ಓಡಿದ. ಯಾವ ಪರನಾಡಿನ ಬಾಗಿಲಲ್ಲಿ ನಿಂತಿದ್ದಾನೋ ತಿಳಿಯದು. ಅಲ್ಲಿಯೂ ಯಾರಾದರೂ ಅವನನ್ನು ಒಳಗೆ ಕರೆಯಲಿ. ದೇವರು ದೊಡ್ಡವನು.