ಆಸ್ವಾಲ್ಡ್ ಕೋಟೆಯ ಬಡಗಿ

ಸಮುದ್ರದಾಚೆಯ ನೂತನ ಭೂಖಂಡದಲ್ಲಿ ಆಂಗ್ಲ ದೊರೆಯ ಹೆಸರಿನಲ್ಲಿ ತಲೆಯೆತ್ತಿದ್ದ ಆಸ್ವಾಲ್ಡ್ ಕೋಟೆಯು ಆ ಚಳಿಗಾಲದಲ್ಲಿ ಮೊಣಕಾಲುದ್ದ ಹಿಮದಲ್ಲಿ ಹೂತುಹೋಗಿತ್ತು. ಮರದ ದಿಮ್ಮಿಗಳ ಪ್ರಾಕಾರ, ಹೊಗೆಯಾಡದ ನಲವತ್ತು ಮನೆಗಳು, ಗಾಳಿಗೆ ಹರಿದು ಜೋಲುತ್ತಿದ್ದ ರಾಜಧ್ವಜ. ಇಷ್ಟೇ ಆ ಪುಟ್ಟ ರಾಜಧಾನಿಯ ವೈಭವ. ಮುನ್ನೂರು ಮಂದಿಯಲ್ಲಿ ಎಪ್ಪತ್ತು ಮಂದಿ ಉಳಿದಿದ್ದರು. ಕುದುರೆಗಳನ್ನೂ ನಾಯಿಗಳನ್ನೂ ತಿಂದು ಮುಗಿಸಿ, ಈಗ ಪಾದರಕ್ಷೆಯ ಚರ್ಮ ಬೇಯಿಸುತ್ತಿದ್ದರು.

ರಾಜ್ಯಪಾಲರಾದ ಸರ್ ಹಂಫ್ರಿ ವೇಲರು ಜ್ವರದಿಂದ ಹಾಸಿಗೆ ಹಿಡಿದಂದಿನಿಂದ ಅಧಿಕಾರವೆಲ್ಲ ಸಭಾಸದ ಗಿಲ್ಬರ್ಟ್ ಕ್ರಾಫ್ಟನ ಕೈಸೇರಿತ್ತು. ಉಗ್ರಾಣ ಬರಿದಾಯಿತೆಂದು ಸಾರಿದವನೂ ಅವನೇ. ಒಂದು ಮುಂಜಾನೆ ಅವನು ಹಡಗಿನ ಬಡಗಿ ಆಂಬ್ರೋಸ್ ಥಾರ್ನ್‌ನನ್ನು ದಡದಲ್ಲಿದ್ದ ಏಕೈಕ ದೋಣಿಯ ಬಳಿಗೆ ಕರೆಸಿದನು.

“ತಳ ಸೋರುತ್ತಿದೆ. ನಾಳೆಯೊಳಗೆ ಸರಿಪಡಿಸು. ನಾವು ಹತ್ತು ಜನ ಹೊರಡುತ್ತೇವೆ. ನಿನಗೂ ನಿನ್ನ ಹೆಂಡತಿಗೂ ಸ್ಥಳವಿದೆ.”

“ಉಳಿದವರ ಗತಿ ಏನು, ಸ್ವಾಮಿ?”

“ಅವರು ಹೇಗೂ ಸಾಯುವವರು. ಅವರೊಡನೆ ನೀನೇಕೆ ಸಾಯುವೆ?”

ತಳ ನೋಡಲು ಒಳಗಿಳಿದ ಆಂಬ್ರೋಸನಿಗೆ ಹಲಗೆಗಳಡಿ ಆರು ಮೂಟೆ ಮೆಕ್ಕೆಜೋಳ ಕಂಡಿತು. ಅವನ ಹೆಂಡತಿ ಸಿಸಿಲಿ ನಾಲ್ಕು ದಿನದಿಂದ ಎದ್ದು ನಿಂತಿರಲಿಲ್ಲ. ದೋಣಿಯೇರಿದರೆ ಅವಳು ಬದುಕಬಹುದಿತ್ತು. ಕಾಲೆಳೆಯುತ್ತ ಅವನು ರಾಜ್ಯಪಾಲರ ಬಳಿಗೆ ಹೋಗಿ ಎಲ್ಲವನ್ನೂ ನಿವೇದಿಸಿದನು.

“ಕಾವಲುಗಾರರೆಲ್ಲ ಅವನವರು, ಆಂಬ್ರೋಸ್. ನನ್ನ ಆಜ್ಞೆ ಈ ಹಾಸಿಗೆಯನ್ನು ದಾಟದು,” ಎಂದರು ಅವರು. “ನಿನ್ನ ಧರ್ಮಕ್ಕೆ ತೋಚಿದ್ದನ್ನು ಮಾಡು. ಅದೇ ನನ್ನ ಆಜ್ಞೆಯೆಂದು ತಿಳಿ.”

ಮರುದಿನ ಪ್ರಾರ್ಥನೆ ಮುಗಿಸಿ ಜನ ಹೊರಬರುವ ಹೊತ್ತಿಗೆ ಆಂಬ್ರೋಸ್ ಕೊಡಲಿಯೆತ್ತಿ ದೋಣಿಯ ಪಕ್ಕೆಗೆ ಹೊಡೆದನು. ಐದನೆಯ ಪೆಟ್ಟಿಗೆ ಹಲಗೆಯೂ ಅದರ ಹಿಂದಿನ ಮೂಟೆಯೂ ಸೀಳಿ, ಹಳದಿ ಕಾಳು ಹಿಮದ ಮೇಲೆ ಸುರಿಯಿತು. ಕ್ರಾಫ್ಟನು ಓಡಿಬಂದು ಕತ್ತಿಯ ಹಿಡಿಯಿಂದ ಬಡಗಿಯ ಬಲಗೈ ಬೆರಳುಗಳನ್ನು ಜಜ್ಜಿದನು; ಆದರೆ ಹಸಿದ ಕಾವಲುಗಾರರೇ ಈಟಿ ಬಿಸುಟು ಕಾಳು ಬಾಚತೊಡಗಿದ್ದರು.

ಅಂದು ಎಲ್ಲರಿಗೂ ಒಂದೊಂದು ಬೊಗಸೆ ದಕ್ಕಿತು. ಆಂಬ್ರೋಸ್ ಎಡಗೈಯಿಂದ ಗಂಜಿ ಕುಡಿಸಹೋದರೆ ಸಿಸಿಲಿಗೆ ನುಂಗಲಾಗಲಿಲ್ಲ.

“ದೋಣಿಯಲ್ಲಿ ನನಗೂ ಜಾಗವಿತ್ತೇ?”

“ಇತ್ತು.”

ಅವಳು ಬಟ್ಟಲನ್ನು ಮೆಲ್ಲನೆ ಅವನತ್ತ ಸರಿಸಿದಳು. “ಗಂಜಿ ಆರುತ್ತಿದೆ. ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಡಿ,” ಎಂದಳು. ಸಂಜೆಗೆ ಅವಳ ಉಸಿರು ನಿಂತಿತು.

ಆರು ಮೂಟೆ ಎಷ್ಟು ದಿನ ಬಂದೀತು? ವಸಂತದಲ್ಲಿ ನೆರವಿನ ಹಡಗು ಬಂದಾಗ ಇಪ್ಪತ್ತಮೂರು ಜನ ಜೀವದಿಂದಿದ್ದರು. ಅವರಲ್ಲೊಬ್ಬನಾದ ಕ್ರಾಫ್ಟ್, ದೊರೆಯ ದೋಣಿಯನ್ನೊಡೆದ ದ್ರೋಹಿಯೆಂದು ಬಡಗಿಯ ಮೇಲೆ ದೂರಿತ್ತನು. ಇಬ್ಬರ ಹೆಗಲು ಹಿಡಿದು ಬಂದ ಸರ್ ಹಂಫ್ರಿ ಹಡಗಿನ ಕಪ್ತಾನನೆದುರು ನಿಂತು, “ದೋಣಿ ಒಡೆದದ್ದು ನನ್ನ ಆಜ್ಞೆಯಿಂದ. ಅದರಲ್ಲಿ ಎಲ್ಲರ ಕಾಳನ್ನು ಬಚ್ಚಿಟ್ಟಿದ್ದವನು ಇವನು. ಈ ಇಪ್ಪತ್ತಮೂರು ಜನ ಅದರ ಸಾಕ್ಷಿ,” ಎಂದರು. ಕ್ರಾಫ್ಟನ ಕೈಗೆ ಬೇಡಿ ಬಿತ್ತು.

ಶುಭವಾರ್ತೆ ಹೊತ್ತು ಹೋದವರಿಗೆ ಆಂಬ್ರೋಸ್ ಪ್ರಾಕಾರದ ಹಿಂದೆ ಸಿಕ್ಕಿದನು. ಸಿಸಿಲಿಯನ್ನು ಹಿಮದಡಿ ಇರಿಸಿ ಅವನು ಇಷ್ಟು ದಿನ ಕಾದಿದ್ದನು; ಚಳಿಗೆ ಕಲ್ಲಾಗಿದ್ದ ನೆಲ ಅಂದಷ್ಟೇ ಮೆತ್ತಗಾಗಿತ್ತು. ಸೊಟ್ಟ ಬೆರಳುಗಳಲ್ಲಿ ಗುದ್ದಲಿ ನಿಲ್ಲದೆ ಜಾರುತ್ತಿತ್ತು. ಅವರು ಹೇಳಿದ್ದನ್ನೆಲ್ಲ ಕೇಳಿ ಅವನು ತಲೆಯಾಡಿಸಿ, “ಇನ್ನೊಂದು ಮೊಳ ಆಳವಾಗಬೇಕು,” ಎಂದು ಮತ್ತೆ ಅಗೆಯತೊಡಗಿದನು.